ನಿಮೋನಿಯಾಕ್ಕೆ ಆಸ್ಪತ್ರೆ ಸೇರಿದವರ ಲೆಕ್ಕ: ನಮ್ಮ ಕಡತಗಳಿಂದ ದೇಶದ ಅಂಕಿಯವರೆಗೆ ಹೋಗುವುದು ಹೇಗೆ?

ಪ್ರಶ್ನೆ – ದಾಖಲೆಕೋಣೆ, ಉಡುಪಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯ ವೈದ್ಯಕೀಯ ದಾಖಲೆಗಳ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ರೋಗಿ ಡಿಸ್ಚಾರ್ಜ್ ಆದ ಮೇಲೆ ಅವರ ಕೇಸ್ ಶೀಟು ನಮ್ಮ ಮೇಜಿಗೆ ಬರುತ್ತದೆ. ವೈದ್ಯರು ಬರೆದ ಕಾಯಿಲೆಯ ಹೆಸರನ್ನು ಓದಿ, ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಅದಕ್ಕಿರುವ ಸಂಕೇತವನ್ನು ಗಣಕಕ್ಕೆ ಏರಿಸುವುದು ನನ್ನ ಕೆಲಸ. ನಿಮೋನಿಯಾಕ್ಕೆ ಜೆ12ರಿಂದ ಜೆ18ರ ತನಕ ಸಂಕೇತಗಳಿವೆ. ಯಾವ ರೋಗಾಣುವಿನಿಂದ ಬಂದದ್ದೆಂದು ತಿಳಿಯದಿದ್ದರೆ ಜೆ18.9. ಮಳೆ ಜೋರಾಗಿರುವ ಆಟಿ (ಜುಲೈ–ಆಗಸ್ಟ್) ತಿಂಗಳಿನಲ್ಲಂತೂ ಈ ಜೆ18.9 ಎಂಬುದು ಕಣ್ಣು ಮುಚ್ಚಿದರೂ ಬೆರಳಿಗೆ ಬರುತ್ತದೆ.

ಈ ಸಲ ನವೆಂಬರ್ 12ರ ವಿಶ್ವ ನಿಮೋನಿಯಾ ದಿನಕ್ಕೆ ಒಂದು ಟಿಪ್ಪಣಿ ಸಿದ್ಧಪಡಿಸಬೇಕೆಂದು ಮೇಲಿನವರು ಹೇಳಿದ್ದಾರೆ. ದೇಶದಲ್ಲಿ ವರ್ಷಕ್ಕೆ ಎಷ್ಟು ಮಂದಿ ನಿಮೋನಿಯಾದಿಂದ ಆಸ್ಪತ್ರೆ ಸೇರುತ್ತಾರೆ, ಅದರಲ್ಲಿ ಉಡುಪಿ ಜಿಲ್ಲೆಯ ಪಾಲು ಎಷ್ಟು ಎಂಬುದು ಒಂದು ಪುಟದಲ್ಲಿ ಬರಬೇಕಂತೆ. ಜೆ12ರಿಂದ ಜೆ18ರವರೆಗೆ ಹುಡುಕಿ, ಬಂದ ಸಂಖ್ಯೆಯನ್ನು ಬರೆದು ಕೊಟ್ಟರೆ ಹತ್ತು ನಿಮಿಷದ ಕೆಲಸ, ಕೇಳಿದವರಿಗೂ ಸಮಾಧಾನವಾಗುತ್ತದೆ. ಆದರೆ ಆ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬುದನ್ನು ದಿನವೂ ನೋಡುವವನಾದ ನನಗೆ ಅದರ ಕೆಳಗೆ ಸಹಿ ಹಾಕುವ ಧೈರ್ಯವಿಲ್ಲ.

ಒಂದು ಕಡತದ ವಿಷಯ ಹೇಳುತ್ತೇನೆ. ಬೈಂದೂರು ಕಡೆಯ ಒಬ್ಬ ಅಜ್ಜ, ವಯಸ್ಸು ಅರುವತ್ತೆಂಟು, ಹಲವು ವರ್ಷಗಳಿಂದ ಶುಗರ್ ಇದೆ. ಡಿಸ್ಚಾರ್ಜ್ ಸಮ್ಮರಿಯ ಮೊದಲ ಸಾಲಿನಲ್ಲಿ ಸೆಪ್ಸಿಸ್ (ಸೋಂಕು ಮಿತಿಮೀರಿ ದೇಹದ ಅಂಗಗಳೇ ಕೆಡತೊಡಗುವ ಸ್ಥಿತಿ) ಎಂದಿದೆ, ಎರಡನೆಯದರಲ್ಲಿ ಮಧುಮೇಹ, ಮೂರನೆಯದರಲ್ಲಿ ನಿಮೋನಿಯಾ. ಒಳಗೆ ಎಕ್ಸ್‌ರೇ ವರದಿಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗಾಗಿದೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನಮ್ಮಲ್ಲಿಗೆ ಬರುವ ಮೊದಲು ಎರಡು ದಿನ ಬೇರೊಂದು ಆಸ್ಪತ್ರೆಯಲ್ಲಿ ದಾಖಲಾಗಿದ್ದರೆಂಬ ರೆಫರಲ್ ಚೀಟಿಯನ್ನೂ ಪಿನ್ನು ಹಾಕಿ ಇಟ್ಟಿದ್ದಾರೆ. ನಮ್ಮ ಗಣಕವಾದರೋ ಮೊದಲ ಸಾಲಿನ ಕಾಯಿಲೆಯನ್ನು ಮಾತ್ರ ಎಣಿಸುತ್ತದೆ. ಹಾಗಾದರೆ ನಿಮೋನಿಯಾದ ಲೆಕ್ಕದಲ್ಲಿ ಈ ಅಜ್ಜ ಒಂದೇ, ಎರಡೇ, ಸೊನ್ನೆಯೇ? ಇಂತಹ ಕಡತಗಳನ್ನು ಕೂಡಿಸಿ ದೇಶದ ಅಂಕಿಯನ್ನು ತಯಾರಿಸುವವರು ಇದನ್ನೆಲ್ಲ ಹೇಗೆ ಸರಿಪಡಿಸಿಕೊಳ್ಳುತ್ತಾರೆ? ತಿಳಿದವರು ದಯವಿಟ್ಟು ವಿವರಿಸಬೇಕು.


ಉತ್ತರ – ನಿವೃತ್ತ ವೈದ್ಯ, ಮಂಗಳೂರು

ನಿಮ್ಮ ಸಂಶಯ ಸರಿಯಾಗಿದೆ. ಆ ಅಜ್ಜನಂಥವರು ಸೇರಿ ಒಂದು ಇಡೀ ದೇಶದ ಲೆಕ್ಕವನ್ನೇ ತಲೆಕೆಳಗೆ ಮಾಡಿದ ಉದಾಹರಣೆ ಇದೆ. ಅಮೆರಿಕದಲ್ಲಿ 2003ರಿಂದ 2009ರ ನಡುವೆ ನಿಮೋನಿಯಾವೇ ಮುಖ್ಯ ಕಾಯಿಲೆಯೆಂದು ಬರೆದ ದಾಖಲಾತಿಗಳು ಶೇಕಡಾ 27.4ರಷ್ಟು ಇಳಿದಂತೆ ಕಂಡವು. ಆಸ್ಪತ್ರೆಗಳು ಒಳ್ಳೆಯ ಕೆಲಸ ಮಾಡುತ್ತಿವೆ ಎಂದು ಹೇಳಿಕೊಳ್ಳಲು ಅಷ್ಟು ಸಾಕಾಗಿತ್ತು. ಆದರೆ ಅದೇ ಅವಧಿಯಲ್ಲಿ ಸೆಪ್ಸಿಸ್ ಮೊದಲ ಸಾಲಿನಲ್ಲಿ, ನಿಮೋನಿಯಾ ಅದರ ಕೆಳಗೆ ಎಂದು ಬರೆದ ದಾಖಲಾತಿಗಳು ಶೇಕಡಾ 177.6ರಷ್ಟು ಏರಿದ್ದವು. ಇವುಗಳನ್ನೂ, ಉಸಿರಾಟದ ವೈಫಲ್ಯವನ್ನು ಮುಖ್ಯ ಕಾಯಿಲೆಯೆಂದು ಬರೆದವುಗಳನ್ನೂ ಕೂಡಿಸಿ ನೋಡಿದಾಗ ನಿಜವಾದ ಇಳಿಕೆ ಶೇಕಡಾ 12.5 ಮಾತ್ರ ಎಂದು ತಿಳಿದುಬಂತು. ಅಂದರೆ ಅಲ್ಲಿ ಕಡಿಮೆಯಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಾಯಿಲೆಯಲ್ಲ, ಬರೆಯುವ ಕ್ರಮ. ಆದುದರಿಂದ ಮೊದಲ ಸಾಲನ್ನು ಮಾತ್ರ ಎಣಿಸುವ ಪದ್ಧತಿಯನ್ನು ಬಿಟ್ಟು, ಸೆಪ್ಸಿಸ್ ಅಥವಾ ಉಸಿರಾಟದ ವೈಫಲ್ಯ ಮೇಲಿದ್ದು ನಿಮೋನಿಯಾ ಕೆಳಗಿರುವ ಕಡತಗಳನ್ನೂ ಎಣಿಸಿ. ಆದರೆ ಎರಡನ್ನೂ ಬೇರೆ ಬೇರೆ ತೋರಿಸಿ.

ಇನ್ನು ‘ಎಲ್‌ಆರ್‌ಟಿಐ’ ಎಂಬ ನಾಲ್ಕಕ್ಷರದ ವಿಷಯ. ನೀವು ಅದನ್ನು ಎತ್ತಲಿಲ್ಲ, ಆದರೆ ಎತ್ತಿಯೇ ಎತ್ತುತ್ತೀರಿ. ಶ್ವಾಸನಾಳದ ಕೆಳಭಾಗದ ಸೋಂಕು ಎಂಬ ಈ ಹೆಸರನ್ನು ನಾವೆಲ್ಲ ರಾತ್ರಿ ಪಾಳಿಯಲ್ಲಿ ಧಾರಾಳವಾಗಿ ಬರೆದವರೇ. ಅದರೊಳಗೆ ಬರೇ ಬ್ರಾಂಕೈಟಿಸ್ (ಶ್ವಾಸನಾಳಗಳ ಉರಿಯೂತ) ಕೂಡ ಇರಬಹುದು, ಗಾಳಿಗೂಡುಗಳಲ್ಲಿ ಕೀವು ತುಂಬಿದ ಅಪ್ಪಟ ನಿಮೋನಿಯಾ ಕೂಡ ಇರಬಹುದು. ಜ್ವರ, ಕೆಮ್ಮು, ವೇಗದ ಉಸಿರಾಟ ಇವುಗಳ ಜೊತೆಗೆ ಎಕ್ಸ್‌ರೇಯಲ್ಲಿ ಹೊಸ ಬಿಳಿಮಚ್ಚೆ ಇದ್ದರೆ ಮಾತ್ರ ನಿಮೋನಿಯಾ ಎಂದು ಎಣಿಸುವುದು ಗಟ್ಟಿ ಅಧ್ಯಯನಗಳ ರೂಢಿ. ನೀವು ಎಲ್‌ಆರ್‌ಟಿಐ ಕಡತಗಳ ಎಕ್ಸ್‌ರೇ ವರದಿಯ ಒಂದು ಸಾಲನ್ನು ಓದುವ ತೊಂದರೆ ತೆಗೆದುಕೊಂಡರೆ, ಗಣಕ ಕೊಡುವ ಉತ್ತರಕ್ಕಿಂತ ಒಳ್ಳೆಯ ಉತ್ತರ ಸಿಗುತ್ತದೆ.

ಜೆ18.9 ಎಂದು ಪದೇ ಪದೇ ಒತ್ತುವುದಕ್ಕೆ ನಾಚಿಕೊಳ್ಳಬೇಡಿ. ಷಿಕಾಗೋ ಮತ್ತು ನ್ಯಾಶ್‌ವಿಲ್ ನಗರಗಳ ಐದು ಆಸ್ಪತ್ರೆಗಳಲ್ಲಿ 2010ರಿಂದ 2012ರವರೆಗೆ ಕಫ, ರಕ್ತ, ಮೂತ್ರ, ಮೂಗಿನ ದ್ರವ ಎಲ್ಲವನ್ನೂ ಪರೀಕ್ಷಿಸಿದರೂ, ದಾಖಲಾದ ವಯಸ್ಕರಲ್ಲಿ ಶೇಕಡಾ 62 ಮಂದಿಯಲ್ಲಿ ಯಾವ ರೋಗಾಣುವೂ ಸಿಗಲಿಲ್ಲ. ನಮ್ಮಲ್ಲಿಯಾದರೆ ರೋಗಿ ವಾರ್ಡಿಗೆ ಬರುವಷ್ಟರಲ್ಲಿ ಮೆಡಿಕಲ್ ಶಾಪಿನಿಂದ ತಂದ ಎರಡು ಬಗೆಯ ಆಂಟಿಬಯೋಟಿಕ್ ಹೊಟ್ಟೆಗೆ ಹೋಗಿರುತ್ತದೆ. ಆ ಮೇಲೆ ತೆಗೆದ ಕಫದಲ್ಲಿ ನಿಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಬೆಳೆಯಲಿಲ್ಲ ಎಂದರೆ ಅದು ಇರಲಿಲ್ಲ ಎಂದು ಅರ್ಥವಲ್ಲ.

ಕೊನೆಯದಾಗಿ ನಮ್ಮ ಕರಾವಳಿಗೇ ಸೇರಿದ ಒಂದು ಮಾತು. ಮಳೆಗಾಲ, ಕೆಸರುಗದ್ದೆ, ಹಳೆಯ ಮಧುಮೇಹ, ನಿಮೋನಿಯಾ, ಸೆಪ್ಸಿಸ್ – ಈ ಐದು ಒಟ್ಟಿಗೆ ಕಂಡರೆ ನಮ್ಮ ಕಡೆಯ ವೈದ್ಯನಿಗೆ ಮೊದಲು ನೆನಪಾಗಬೇಕಾದದ್ದು ಮೆಲಿಯೋಯ್ಡೋಸಿಸ್. ಇದರ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇರುತ್ತದೆ. ಮಣಿಪಾಲ, ಮಂಗಳೂರಿನ ಪ್ರಯೋಗಾಲಯಗಳಿಗೆ ಇದರ ಪರಿಚಯ ಚೆನ್ನಾಗಿದೆ. ಪರಿಚಯವಿಲ್ಲದ ಕಡೆ ಇದನ್ನು ಕ್ಷಯವೆಂದೋ ಸಾಧಾರಣ ನಿಮೋನಿಯಾವೆಂದೋ ತಿಳಿದುಬಿಡುತ್ತಾರೆ. ಕಾಯಿಲೆ ಶ್ವಾಸಕೋಶದಲ್ಲಿಯೇ ಇದ್ದರೂ ಇದರ ಸಂಕೇತ ಎ24. ಹೀಗೆಯೇ ಕೋವಿಡ್ ನಿಮೋನಿಯಾ ಯು07ಕ್ಕೂ, ಆಹಾರ ಶ್ವಾಸಕೋಶಕ್ಕೆ ಇಳಿದು ಬರುವ ನಿಮೋನಿಯಾ ಜೆ69ಕ್ಕೂ ಹೋಗಿ ಕುಳಿತುಕೊಳ್ಳುತ್ತವೆ. ನಿಮ್ಮ ಗಣಕದಲ್ಲಿ 2020–21ರಲ್ಲಿ ನಿಮೋನಿಯಾ ಇಳಿದಂತೆ ಕಾಣುವುದಾದರೆ ಅದನ್ನು ನಂಬುವ ಮೊದಲು ಯು07 ನೋಡಿ. ಅಜ್ಜನ ಕಡತದ ಹಿಂಬದಿಯಲ್ಲಿ ರಕ್ತದ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ವರದಿ ಇದೆಯೇ ಎಂಬುದನ್ನೂ ಒಮ್ಮೆ ನೋಡಿ. ಆ ವರದಿಗಳು ಬರುವಾಗ ತಡವಾಗುತ್ತದೆ. ಸಮ್ಮರಿ ಬರೆದು ಆದ ಮೇಲೆ ಬಂದದ್ದನ್ನು ಯಾರೂ ಮುಂದೆ ತಂದು ಸೇರಿಸುವುದಿಲ್ಲ.


ಉತ್ತರ – ಛೇದದ ಮಾಷ್ಟ್ರು, ಮಂಗಳೂರು

ಡಾಕ್ಟರು ಅಂಶದ ವಿಷಯ ಹೇಳಿದ್ದಾರೆ. ನಾನು ಗೆರೆಯ ಕೆಳಗಿನ ಛೇದದ ವಿಷಯ ಹೇಳುತ್ತೇನೆ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನಿಗೆ ಇದೊಂದು ಚಟ ಎಂದು ತಿಳಿದು ಕ್ಷಮಿಸಬೇಕು.

ಒಂದು ಆಸ್ಪತ್ರೆಯ ದಾಖಲಾತಿಗಳನ್ನು ಎಷ್ಟು ಶುದ್ಧವಾಗಿ ಎಣಿಸಿದರೂ ಅದು ಆ ಆಸ್ಪತ್ರೆಯ ಕೆಲಸದ ಅಳತೆಯೇ ಹೊರತು ಜನಸಮುದಾಯದ ಮೇಲಿನ ಹೊರೆಯಲ್ಲ. ಹೊರೆ ಎನ್ನಬೇಕಾದರೆ, ಇಷ್ಟು ಜನರಲ್ಲಿ ಒಂದು ವರ್ಷಕ್ಕೆ ಇಷ್ಟು ಎಂದು ಹೇಳಲು ಬರಬೇಕು. ಮಂಗಳೂರಿನ ಆಸ್ಪತ್ರೆಗಳ ವಾರ್ಡುಗಳಲ್ಲಿ ಕಾಸರಗೋಡಿನವರು, ಕೊಡಗಿನವರು ಇರುತ್ತಾರೆ. ಮಣಿಪಾಲಕ್ಕೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡಗಳಿಂದ ಬರುತ್ತಾರೆ. ಇವರನ್ನೆಲ್ಲ ಮೇಲೆ ಇಟ್ಟು, ಕೆಳಗೆ ಉಡುಪಿ ಜಿಲ್ಲೆಯ ಜನಸಂಖ್ಯೆಯನ್ನು ಮಾತ್ರ ಇಟ್ಟು ಭಾಗಿಸಿದರೆ, ದೇಶದ ನಿಮೋನಿಯಾವೆಲ್ಲ ಉಡುಪಿಯಲ್ಲಿಯೇ ಇದೆಯೆಂಬಂತೆ ಕಾಣುತ್ತದೆ. ಆ ಜನಸಂಖ್ಯೆಯಾದರೂ 2011ರ ಜನಗಣತಿಯದು: ಉಡುಪಿ 11,77,361, ದಕ್ಷಿಣ ಕನ್ನಡ 20,89,649. ಅಂದು ಎಣಿಸಿದವರಲ್ಲಿ ಐವತ್ತೈದರವರಾಗಿದ್ದವರು ಈಗ ಎಪ್ಪತ್ತರ ಹತ್ತಿರ ಬಂದಿದ್ದಾರೆ, ಅವರ ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ. ನಿಮೋನಿಯಾದ ಲೆಕ್ಕಕ್ಕೆ ಇದು ಸಣ್ಣ ವಿಷಯವಲ್ಲ. ಡಾಕ್ಟರು ಹೇಳಿದ ಆ ಐದು ಆಸ್ಪತ್ರೆಗಳ ಅಧ್ಯಯನದಲ್ಲಿ ಹತ್ತು ಸಾವಿರ ವಯಸ್ಕರಿಗೆ ವರ್ಷಕ್ಕೆ 24.8 ದಾಖಲಾತಿ ಎಂದು ಬಂತು. ಆದರೆ ಒಡೆದು ನೋಡಿದರೆ 18ರಿಂದ 49ರವರೆಗಿನವರಲ್ಲಿ ಅದು 6.7, 65ರಿಂದ 79ರವರಲ್ಲಿ 63, ಎಂಬತ್ತು ದಾಟಿದವರಲ್ಲಿ 164.3. ಅದರ ಜೊತೆಗೆ ಮಕ್ಕಳ ಆಸ್ಪತ್ರೆಗಳಲ್ಲಿ ಬೇರೆಯಾಗಿ ನಡೆದ ಅಧ್ಯಯನದಲ್ಲಿ ಎರಡು ವರ್ಷದ ಒಳಗಿನ ಮಕ್ಕಳಲ್ಲಿ 62.2. ಹೀಗಿರುವಾಗ ಮುದುಕರು ಹೆಚ್ಚಿರುವ ಜಿಲ್ಲೆಯನ್ನೂ ಯುವಕರು ಹೆಚ್ಚಿರುವ ಜಿಲ್ಲೆಯನ್ನೂ ವಯಸ್ಸಿನ ಹೊಂದಾಣಿಕೆ ಮಾಡದೆ ಅಕ್ಕಪಕ್ಕ ನಿಲ್ಲಿಸುವುದು ನ್ಯಾಯವಲ್ಲ.

ಕಾಯಿಲೆಯ ವ್ಯಾಖ್ಯೆ ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ ಒಂದು ಬಾಯಿಲೆಕ್ಕ ಮಾಡೋಣ. ಅಮೆರಿಕದ್ದೇ ಇನ್ನೊಂದು ಊರಾದ ಲೂಯಿವಿಲ್‌ನಲ್ಲಿ 2014ರಿಂದ 2016ರವರೆಗೆ ಊರಿನ ವಯಸ್ಕರ ಆಸ್ಪತ್ರೆಗಳನ್ನೆಲ್ಲ ಸೇರಿಸಿ ಎಣಿಸಿದಾಗ ಲಕ್ಷ ವಯಸ್ಕರಿಗೆ 649 ಎಂದು ಬಂತು. ಮೊದಲನೆಯ ಅಧ್ಯಯನವು ಇತ್ತೀಚೆಗೆ ಆಸ್ಪತ್ರೆಯಲ್ಲಿದ್ದವರನ್ನು, ಶುಶ್ರೂಷಾಲಯಗಳಲ್ಲಿ ಪರಾವಲಂಬಿಗಳಾಗಿ ಇರುವವರನ್ನು ಕೈಬಿಟ್ಟಿತ್ತು. ಎರಡನೆಯದು ಇಷ್ಟು ಬಿಗಿ ಹಿಡಿಯಲಿಲ್ಲ. ನಮ್ಮ ಒಂದು ಊರಿನಲ್ಲಿ ಒಂಬತ್ತು ಲಕ್ಷ ವಯಸ್ಕರಿದ್ದಾರೆ ಎಂದು ಇಟ್ಟುಕೊಂಡರೆ ಮೊದಲ ದರದಲ್ಲಿ ವರ್ಷಕ್ಕೆ 2,232 ದಾಖಲಾತಿ, ಎರಡನೆಯದರಲ್ಲಿ 5,841. ದೇಶ ಒಂದೇ, ಕಾಯಿಲೆ ಒಂದೇ. ಹಾಸಿಗೆಗಳ ಲೆಕ್ಕ ಮಾತ್ರ ಎರಡೂವರೆ ಪಟ್ಟು ಹಿಗ್ಗಿತು. ಈ ದರಗಳನ್ನು ನಮ್ಮ ಜಿಲ್ಲೆಗೆ ಹಚ್ಚಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲ, ಹಾಗೆ ದಯವಿಟ್ಟು ಮಾಡಬೇಡಿ.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋದ ಅಜ್ಜನನ್ನು ಒಬ್ಬನೆಂದು ಗುರುತಿಸುವ ವಿಷಯದಲ್ಲಿ ಡೆನ್ಮಾರ್ಕಿನಂತಹ ದೇಶಗಳು ಸುಖಿಗಳು. ಅಲ್ಲಿ 1968ರಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, 1977ರಿಂದ ಆಸ್ಪತ್ರೆ ದಾಖಲಾತಿಗಳಿಗೆ ರಾಷ್ಟ್ರೀಯ ನೋಂದಣಿ. ಎರಡನ್ನೂ ಹೊಲಿದುಬಿಟ್ಟರೆ ಆಸ್ಪತ್ರೆ ಬದಲಾದದ್ದು ಹೊಸ ದಾಖಲಾತಿಯಾಗುವುದಿಲ್ಲ. ನಮ್ಮಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2017–18ರ ಸುತ್ತಿನಲ್ಲಿ ಮಾಡಿದಂತೆ ಮನೆ ಮನೆಗೆ ಹೋಗಿ ಕಳೆದ 365 ದಿನಗಳಲ್ಲಿ ಯಾರಾದರೂ ಆಸ್ಪತ್ರೆ ಸೇರಿದ್ದರೇ ಎಂದು ಕೇಳುತ್ತಾರೆ. ಛೇದದ ಮಟ್ಟಿಗೆ ಇದು ಒಳ್ಳೆಯ ವಿಧಾನ; ಆದರೆ ಕಾಯಿಲೆಯ ಹೆಸರನ್ನು ಮನೆಯವರ ಬಾಯಿಂದಲೇ ಕೇಳಬೇಕಾಗುತ್ತದೆ, ಅವರು ‘ಕಫ ಕಟ್ಟಿತ್ತು’ ಎಂದರೆ ಬರೆದುಕೊಳ್ಳುವವರು ಏನು ಮಾಡಿಯಾರು? 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯ ಬಿಲ್ಲುಗಳಲ್ಲಿ ಕಾಯಿಲೆಯ ಹೆಸರು ಸಿಗುತ್ತದೆ, ಆದರೆ ಯೋಜನೆಯ ಹೊರಗೆ ಕೈಯಿಂದ ದುಡ್ಡು ಕೊಟ್ಟವರು ಅದರಲ್ಲಿ ಇಲ್ಲ. ಆದುದರಿಂದ ನಿಮ್ಮ ಟಿಪ್ಪಣಿಯಲ್ಲಿ ‘ಜಿಲ್ಲೆಯ ಪಾಲು’ ಎಂಬ ಮಾತನ್ನೇ ತೆಗೆದು, ರೋಗಿಯ ತಾಲೂಕಿನ ಅಂಕಣವೊಂದನ್ನು ಹಾಕಿ.


ಉತ್ತರ – ಕಾಪುವಿನಿಂದ

ಡಾಕ್ಟರಿಗೂ ಮಾಷ್ಟ್ರಿಗೂ ನಮಸ್ಕಾರ. ನಾನು ಈ ವಿಷಯ ಓದಿದವಳಲ್ಲ, ಆದರೂ ಒಂದು ಕೇಳಬೇಕಾಗಿದೆ. ಕಳೆದ ವರ್ಷ ಜುಲೈಯಲ್ಲಿ ನನ್ನ ಅತ್ತೆಯವರನ್ನು ನಿಮೋನಿಯಾವೆಂದು ಎಂಟು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಎಪ್ಪತ್ತಾರು ವರ್ಷವಾದರೂ ಅದುವರೆಗೆ ಬಾವಿಯಿಂದ ನೀರು ಸೇದಿ ಮಲ್ಲಿಗೆ ಗಿಡಗಳಿಗೆ ತಾವೇ ಹಾಕುತ್ತಿದ್ದವರು. ಗುಣವಾಗಿದೆ ಎಂದು ಬರೆದು ಮನೆಗೆ ಕಳುಹಿಸಿದರು. ಆದರೆ ಆಮೇಲೆ ಮೂರು ತಿಂಗಳು ಚಾವಡಿಯಿಂದ ಬಚ್ಚಲಿಗೆ ಹೋಗಬೇಕಾದರೆ ನಡುವೆ ಕಂಬ ಹಿಡಿದು ನಿಲ್ಲುತ್ತಿದ್ದರು. ಅಕ್ಟೋಬರಿನಲ್ಲಿ ಬಚ್ಚಲಿನಲ್ಲಿಯೇ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಮತ್ತೆ ಆಸ್ಪತ್ರೆ. ಅದಕ್ಕೂ ಮೊದಲು, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟು ಕಡಲಿಗಿಳಿಯುವ ಹೊತ್ತಿಗೆ ನನ್ನ ಗಂಡ ಅತ್ತೆಯ ಮಂಚದ ಪಕ್ಕದಲ್ಲಿದ್ದರು, ಆ ತಿಂಗಳ ದುಡಿಮೆ ಹೋಯಿತು. ಎರಡನೆಯ ಸಲದ ಕಡತದಲ್ಲಿ ಎಲುಬು ಮುರಿತ ಎಂದಿದೆ, ನಿಮೋನಿಯಾದ ಸುದ್ದಿಯೇ ಇಲ್ಲ. ದೇಶದ ಹೊರೆ ಎಂದು ನೀವು ಹೇಳುವ ಲೆಕ್ಕದಲ್ಲಿ ಇದು ಎಲ್ಲಿ ಬರುತ್ತದೆ?

ಇನ್ನೊಂದು ಪ್ರಶ್ನೆ. ನನ್ನ ಮಗುವಿನ ತಾಯಿ ಕಾರ್ಡಿನಲ್ಲಿ ಪಿಸಿವಿ ಎಂದು ಮೂರು ಸಲ ಹಾಕಿದ್ದಾರೆ, ಅದು ನಿಮೋನಿಯಾದ್ದೇ ಎಂದು ಅಂಗನವಾಡಿಯಲ್ಲಿ ಹೇಳಿದರು. ಅತ್ತೆಯವರಿಗೆ ಅದನ್ನು ಯಾರೂ ಹೇಳಲಿಲ್ಲವೇಕೆ?


ಉತ್ತರ – ನಿವೃತ್ತ ವೈದ್ಯ, ಮಂಗಳೂರು

ಅಮ್ಮಾ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೆಚ್ಚಿನ ಲೆಕ್ಕಗಳಲ್ಲಿ ಅದು ಎಲ್ಲಿಯೂ ಬರುವುದಿಲ್ಲ. ಮಾಷ್ಟ್ರು ಹೇಳಿದ ಲೂಯಿವಿಲ್‌ನವರು ಡಿಸ್ಚಾರ್ಜ್ ಆದವರನ್ನೂ ಒಂದು ವರ್ಷ ಹಿಂಬಾಲಿಸಿದರು. ಆಸ್ಪತ್ರೆಯಲ್ಲಿಯೇ ತೀರಿಕೊಂಡವರು ಶೇಕಡಾ 6.5, ವರ್ಷ ತುಂಬುವಷ್ಟರಲ್ಲಿ ತೀರಿಕೊಂಡವರು ಶೇಕಡಾ 30.6. ನಿಮೋನಿಯಾವೇ ಇವರೆಲ್ಲರನ್ನು ಕೊಂದಿತು ಎಂದಲ್ಲ. ಹೃದಯ, ಮೂತ್ರಪಿಂಡಗಳು ಮೊದಲೇ ಬಳಲಿದವರು ಅದರಲ್ಲಿ ಬಹಳ. ಆದರೆ ವಾರ್ಡಿನ ಬಾಗಿಲಿನಲ್ಲಿ ಎಣಿಕೆ ನಿಲ್ಲಿಸಿದವರಿಗೆ ದೊಡ್ಡ ಭಾಗವೇ ಕಾಣಿಸುವುದಿಲ್ಲ. ನಿಮ್ಮ ಅತ್ತೆ ಕಂಬ ಹಿಡಿದು ನಿಂತದ್ದನ್ನು ಬರೆದುಕೊಳ್ಳಲು ಯಾವ ಸಂಕೇತವೂ ನನಗೆ ನೆನಪಾಗುವುದಿಲ್ಲ. ಲಸಿಕೆಯ ವಿಷಯ ಕೆಳಗೆ ಸಿಸ್ಟರ್ ಬರೆಯುತ್ತಾರೆ ಎಂದು ತಿಳಿದಿದ್ದೇನೆ.


ಉತ್ತರ – ಲಸಿಕೆ ಸಿಸ್ಟರ್, ಕುಂದಾಪುರ

ಬರೆಯುತ್ತೇನೆ ಡಾಕ್ಟ್ರೇ. ಪಿಸಿವಿ ಎಂದರೆ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು 2017ರಲ್ಲಿ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ, 2021ರಲ್ಲಿ ದೇಶಕ್ಕೆಲ್ಲ ಬಂತು. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ – ನಿಮ್ಮ ಕಾರ್ಡಿನ ಮೂರು ಗುರುತು ಇವೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ 7,40,180 ಮಕ್ಕಳು ನಿಮೋನಿಯಾದಿಂದ ತೀರಿಕೊಂಡರು. ಆದ್ದರಿಂದ ಮೊದಲು ಮಕ್ಕಳಿಗೆ ಎಂಬುದು ಸರಿಯಾದ ಕ್ರಮವೇ.

ವಯಸ್ಸಾದವರಿಗೆ ಇದು ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇಲ್ಲ, ವೈದ್ಯರ ಸಲಹೆಯಂತೆ ಹಣ ಕೊಟ್ಟು ಹಾಕಿಸಿಕೊಳ್ಳಬೇಕು; ಹೇಳುವವರೂ ಕಡಿಮೆ. ಹಾಗೆಂದು ಮಗುವಿನ ಲಸಿಕೆಯಿಂದ ಅಜ್ಜಿಗೆ ಏನೂ ಇಲ್ಲ ಎಂದಲ್ಲ. ಈ ಬ್ಯಾಕ್ಟೀರಿಯಾ ಮಕ್ಕಳ ಮೂಗು ಗಂಟಲುಗಳಲ್ಲಿ ಸುಮ್ಮನೆ ಮನೆ ಮಾಡಿಕೊಂಡಿದ್ದು, ಮುದ್ದು ಮಾಡುವ ಹಿರಿಯರಿಗೆ ದಾಟುತ್ತದೆ. ಅಮೆರಿಕದಲ್ಲಿ 2000ದಲ್ಲಿ ಮಕ್ಕಳಿಗೆ ಲಸಿಕೆ ಶುರುವಾದ ಒಂದು ದಶಕದೊಳಗೆ ನಿಮೋನಿಯಾ ದಾಖಲಾತಿಗಳು ವರ್ಷಕ್ಕೆ ಸುಮಾರು 1,68,000ದಷ್ಟು ಕಡಿಮೆಯಾದವು. ಅದರಲ್ಲಿ 85 ದಾಟಿದವರ ಪಾಲು ಸುಮಾರು 73,000, ಎರಡು ವರ್ಷದೊಳಗಿನ ಮಕ್ಕಳ ಪಾಲು ಸುಮಾರು 47,000. ಚುಚ್ಚಿದ್ದು ಮೊಮ್ಮಕ್ಕಳಿಗೆ, ಹೆಚ್ಚು ಉಳಿದದ್ದು ಅಜ್ಜ ಅಜ್ಜಿಯರ ಹಾಸಿಗೆ. ಅಷ್ಟಾದರೂ ನಿಮ್ಮ ಅತ್ತೆಯವರ ಮಟ್ಟಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಮತ್ತು ನ್ಯುಮೋಕಾಕಸ್ ಲಸಿಕೆಯ ಬಗ್ಗೆ ಅವರನ್ನು ನೋಡುವ ವೈದ್ಯರಲ್ಲಿ ನೀವೇ ಕೇಳುವುದು ಒಳ್ಳೆಯದು.

ಮಗುವಿನ ವಿಷಯದಲ್ಲಿ ಒಂದು ಮಾತು. ಕೆಮ್ಮು ಬಂದಾಗ ಮಗು ಅಳದೆ ಇರುವ ಹೊತ್ತಿನಲ್ಲಿ ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳ ಒಳಗೆ 60, ವರ್ಷದ ಒಳಗೆ 50, ಐದು ವರ್ಷದ ಒಳಗೆ 40, ಇಷ್ಟು ಮುಟ್ಟಿದರೆ ಆಸ್ಪತ್ರೆಗೆ ತನ್ನಿ. ಪಕ್ಕೆಯ ಕೆಳಭಾಗ ಒಳಗೆ ಸೆಳೆಯುತ್ತಿದ್ದರೆ ಎಣಿಸುತ್ತಾ ಕೂರಬೇಡಿ. ನಮ್ಮ ಆಶಾ ಅಕ್ಕಂದಿರು ಹೀಗೆ ಎಣಿಸಿ ಬೇಗ ಕಳುಹಿಸಿದ ಮಕ್ಕಳಲ್ಲಿ ಎಷ್ಟೋ ಮಂದಿ ಹೊರರೋಗಿ ವಿಭಾಗದಲ್ಲಿಯೇ ಮದ್ದು ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಅವರು ನಿಮ್ಮ ದಾಖಲೆಕೋಣೆಗೆ ಬರುವುದೇ ಇಲ್ಲ.


ಉತ್ತರ – ದಾಖಲೆಕೋಣೆ, ಉಡುಪಿ

ಎಲ್ಲರಿಗೂ ಕೃತಜ್ಞತೆಗಳು. ಟಿಪ್ಪಣಿಯ ಶೀರ್ಷಿಕೆಯಿಂದ ‘ಜಿಲ್ಲೆಯ ಪಾಲು’ ಎಂಬುದನ್ನು ತೆಗೆದು, ನಮ್ಮ ಆಸ್ಪತ್ರೆಯಲ್ಲಿ ದಾಖಲಾದ ನಿಮೋನಿಯಾ ರೋಗಿಗಳು ಎಂದಷ್ಟೇ ಇಟ್ಟಿದ್ದೇನೆ. ನಿಮೋನಿಯಾ ಮೊದಲ ಸಾಲಿನಲ್ಲಿ ಇದೆಯೇ ಕೆಳಗಿದೆಯೇ, ಯಾವ ತಾಲೂಕು, ಬೇರೆ ಆಸ್ಪತ್ರೆಯಿಂದ ಬಂದವರೇ, ಮೂವತ್ತು ದಿನದೊಳಗೆ ಮರಳಿ ಬಂದರೇ, ಎಕ್ಸ್‌ರೇ ಏನು ಹೇಳಿತು ಎಂಬ ಅಂಕಣಗಳನ್ನು ಸೇರಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಡತಗಳನ್ನು ಕೈಯಿಂದಲೇ ತೆರೆದು ತುಂಬಿಸುತ್ತಿದ್ದೇನೆ. ಮೇಲಿನವರಿಗೆ ಒಂದು ಪುಟ ಸಾಕಿತ್ತು, ಈಗ ನಾಲ್ಕಾಗಿದೆ ಎಂದು ಸ್ವಲ್ಪ ಅಸಮಾಧಾನವಿದೆ.

ಡಾಕ್ಟ್ರೇ, ಬೈಂದೂರಿನ ಅಜ್ಜನ ಕಡತದ ಹಿಂಬದಿ ನೋಡಿದೆ. ಅವರು ಮನೆಗೆ ಹೋದ ಮರುದಿನದ ತಾರೀಕಿನ ರಕ್ತದ ಕಲ್ಚರ್ ವರದಿ ಬಿಲ್ಲಿನ ಪ್ರತಿಗಳ ನಡುವೆ ಮಡಚಿ ಇತ್ತು. ನೀವು ಹೇಳಿದ ಬ್ಯಾಕ್ಟೀರಿಯಾದ ಹೆಸರೇ. ಕಡತವನ್ನು ಹಾಗೆಯೇ ಹಿಡಿದುಕೊಂಡು ಅವರನ್ನು ನೋಡಿದ ವೈದ್ಯರ ಕೋಣೆಗೆ ಹೋದೆ. ಅವರು ನನ್ನೆದುರಿನಲ್ಲಿಯೇ ಅಜ್ಜನ ಮನೆಗೆ ಫೋನು ಮಾಡಿ, ನಾಳೆಯೇ ಕರೆದುಕೊಂಡು ಬನ್ನಿ, ಚುಚ್ಚುಮದ್ದು ಮುಂದುವರಿಸಬೇಕಾಗಬಹುದು, ಅದರ ನಂತರ ಕಡಿಮೆಯೆಂದರೆ ಮೂರು ತಿಂಗಳು ಮಾತ್ರೆ ಇದೆ ಎಂದರು. ಗಣಕದಲ್ಲಿ ಸಂಕೇತವನ್ನು ಎ24 ಎಂದು ತಿದ್ದಿದೆ. ಹಾಗಾಗಿ ಜೆ12ರಿಂದ ಜೆ18ರ ಲೆಕ್ಕದಲ್ಲಿ ಅಜ್ಜ ಈಗ ಸೊನ್ನೆ. ನನ್ನ ಕೈಬರಹದ ಪಟ್ಟಿಯಲ್ಲಿ ಒಂದು.